ಎರಡು ಬೆರಳಿನ ಅಂತರ

ಆಗಸ್ಟ್ 12, 2024

ಇವತ್ತು ನನ್ನ ಬಲಗೈ ರಾಮಲಿಂಗಣ್ಣನ ದವಡೆಗೆ ಬಿತ್ತು. ಪೂರ್ತಿ ಬಿತ್ತು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು.

ದಿನಾ ಎಷ್ಟು ರೌಂಡು ಆಡಿದೆವು, ಎಷ್ಟು ಓಡಿದೆವು, ಏನು ತಿಂದೆವು ಅಂತ ಬರೆದಿಡುವ ರೂಢಿ ಹಾಕಿಸಿದವನೇ ಅವನು. ಇದು ನನ್ನ ಒಂಬತ್ತನೇ ನೋಟ್‌ಬುಕ್. ಹಿಂದಿನ ಎಂಟರಲ್ಲಿ ಇಂಥ ಸಾಲು ಒಂದೂ ಇಲ್ಲ. ಇರುವುದೆಲ್ಲ 'ಮೂಗಿಗೆ ಬಿತ್ತು', 'ಪಕ್ಕೆಲುಬು ನೋವು, ಉಸಿರು ತಗೊಳ್ಳಲು ತ್ರಾಸು' ಇಂಥವು. ನನ್ನ ಪಾಲಿಗೆ ಬಂದದ್ದೇ ಆ ಕೆಲಸ. ಅಣ್ಣ ಬಾಕ್ಸಿಂಗಿನಲ್ಲಿ ನಾಲ್ಕು ಸಲ ರಾಷ್ಟ್ರ ಚಾಂಪಿಯನ್ ಆದ, ಏಷ್ಯಾ ಮಟ್ಟದಲ್ಲಿ ಕಂಚು ತಂದ. ಪ್ರತಿ ಸಲ ಹೋಗುವ ಮುಂಚೆ ಶಹಾಬಾದಿನ ಈ ಹಳೇ ಕಲ್ಲು ಪಾಲಿಶ್ ಶೆಡ್ಡಿನಲ್ಲಿ ಅವನ ಎದುರಿಗೆ ನಿಂತು ತಿಂಗಳುಗಟ್ಟಲೆ ಏಟು ತಿಂದವನು ನಾನು. ಅದರಲ್ಲಿ ಬೇಜಾರೇನೂ ಇಲ್ಲ. ಆ ಏಟು ತಿನ್ನುವ ಯೋಗ್ಯತೆಯೂ ಎಲ್ಲರಿಗೆ ಇರುವುದಿಲ್ಲ.

ಮೂರನೇ ರೌಂಡಿನಲ್ಲಿ ಆಯಿತು. ಎಡಗೈಯಿಂದ ಒಂದು ಕೊಟ್ಟ ಮೇಲೆ ಅವನ ಕೈ ಹಾವಿನ ನಾಲಗೆಯ ಹಾಗೆ ಒಳಗೆ ಬಂದು ಕೆನ್ನೆಯ ಹತ್ತಿರ ನಿಲ್ಲುತ್ತದೆ. ಇವತ್ತು ಎದೆಯ ಮಟ್ಟದಲ್ಲೇ ಉಳಿಯಿತು. ನಾನು ವಿಚಾರ ಮಾಡಲಿಲ್ಲ, ನನ್ನ ಕೈ ತಾನೇ ಹೋಯಿತು. ಅಣ್ಣ ಎರಡು ಹೆಜ್ಜೆ ಹಿಂದೆ ಹೋಗಿ, ನಿಂತು, ನಕ್ಕ.

"ಭಲೇ ಕಲ್ಯಾಣಪ್ಪಾ! ಯಾರ್ ಕಲಿಸಿದ್ರೋ ಇದನ್ನ?"

"ನೀನೇ ಅಣ್ಣಾ."

ಗುಲಾಮ ದಸ್ತಗೀರ ಉಸ್ತಾದರು ಹೊತ್ತಾಗುವ ಮುಂಚೆಯೇ ಗಂಟೆ ಹೊಡೆದರು. ನಮ್ಮಿಬ್ಬರಿಗೂ ಮುಷ್ಟಿ ಕಟ್ಟುವುದನ್ನು ಕಲಿಸಿದವರು ಅವರು. ಎಪ್ಪತ್ತೆರಡು ದಾಟಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದರೆ ಶಬ್ದ ಕೇಳಿಸಿತ್ತು.

ರೈಲಿನಲ್ಲಿ ವಾಡಿಗೆ ಬರುವಾಗ ಇಡೀ ದಾರಿ ನನ್ನ ಬಲಗೈ ನೋಡಿಕೊಂಡು ಕೂತಿದ್ದೆ. ಖುಷಿ ಆಗಬೇಕಿತ್ತು.

ಆಗಸ್ಟ್ 17

ಮೊನ್ನೆ ಎರಡು ಬಿದ್ದವು, ಒಂದೇ ಜಾಗಕ್ಕೆ. ನಿನ್ನೆ ಅಣ್ಣ ಶೆಡ್ಡಿಗೆ ಬರಲಿಲ್ಲ. ಇವತ್ತೂ ಇಲ್ಲ. ವಾಡಿ ಸ್ಟೇಶನ್ನಿನಲ್ಲಿ ಕಂಡ. ಟಿ.ಸಿ.ಯ ಕಪ್ಪು ಕೋಟು ಹಾಕಿಕೊಂಡು ಎರಡನೇ ಪ್ಲಾಟ್‌ಫಾರಮ್ಮಿನಲ್ಲಿ ಟಿಕೆಟ್ ನೋಡುತ್ತಿದ್ದ. ನನ್ನನ್ನು ನೋಡಿಯೂ ನೋಡದವನ ಹಾಗೆ ಆ ಕಡೆ ಹೋದ.

ಸಂಜೆ ಉಸ್ತಾದರು ಪಕ್ಕಕ್ಕೆ ಕರೆದರು.

"ಬೇಟಾ, ಅವನ ದಿಲ್ ಕುಸಿದದ. ಡಿಸೆಂಬರ್‌ದಾಗ ರಾಜ್ಯ ಚಾಂಪಿಯನ್‌ಶಿಪ್ ಅದ. ನಲವತ್ತು ದಾಟಿದ್ರ ರಿಂಗಿಗೆ ಬಿಡಂಗಿಲ್ಲ, ಇವಗ ಮೂವತ್ತೊಂಬತ್ತು. ಇದೇ ಆಖರಿ. ಜರಾ ಸಂಭಾಳಿಸ್ಕೋ."

"ಹ್ಯಾಂಗ್ರಿ ಉಸ್ತಾದ್?"

"ಜೋರ್ ಕಮ್ಮಿ ಮಾಡು. ಅಷ್ಟೇ."

ಅಣ್ಣ ಈ ಸಲ ಯಾಕೆ ಹಟ ಹಿಡಿದಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಹೋದ ವರ್ಷ ಸೆಮಿಫೈನಲಿನಲ್ಲಿ ಸೋತ. ಪಂಚರು ಮೋಸ ಮಾಡಿದರು ಅನ್ನುತ್ತಾನೆ. "ಸೋತು ಮನಿಗೆ ಹೋದ ಅನಿಸ್ಕೊಂಡು ಬಿಡಂಗಿಲ್ಲ ನಾ. ಗೆದ್ದು ಬಿಡ್ತೀನಿ." ಕಲ್ಲುಗಣಿಯಲ್ಲಿ ಸುತ್ತಿಗೆ ಹೊಡೆಯುತ್ತಿದ್ದವರ ಮಗ. ಅವನಪ್ಪನನ್ನು ಹೆಸರು ಹಿಡಿದು ಕೂಗದೆ ಜಾತಿ ಹಿಡಿದು ಕೂಗುತ್ತಿದ್ದ ಓಣಿಯಲ್ಲಿ ಈಗ ಗೋಡೆಯ ಮೇಲೆ ಇವನ ಚಿತ್ರ ಇದೆ. ಅವನು ಸೋತು ಬಿಡುವುದು ನನಗೂ ಬೇಕಿಲ್ಲ.

ಆಗಸ್ಟ್ 20

ಅಣ್ಣ ಬಂದ. ಆರು ರೌಂಡು.

ಜೋರು ಕಮ್ಮಿ ಮಾಡಿ ನೋಡಿದೆ. ಸರಿ ಬರಲಿಲ್ಲ. ಬಿದ್ದರೆ ಬಿದ್ದದ್ದು ಗೊತ್ತಾಗಿಯೇ ಆಗುತ್ತದೆ. ಅದಕ್ಕೇ ನಾಲ್ಕನೇ ರೌಂಡಿನಿಂದ ಬೀಳದ ಹಾಗೆ ಹೊಡೆದೆ. ಅವನ ಎಡಗೈ ಇಳಿದಾಗಲೆಲ್ಲ ಬಲಗೈ ಬಿಟ್ಟೆ, ಆದರೆ ಕೆನ್ನೆಗೆ ಎರಡು ಬೆರಳಿನಷ್ಟು ಆಚೆ. ಅವನು ತಲೆ ಸರಿಸಿದ. ಸರಿಸಿದ್ದರಿಂದಲೇ ತಪ್ಪಿತು ಅಂದುಕೊಂಡ. ಕಣ್ಣಲ್ಲಿ ಬೆಳಕು ಬಂತು. ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಸ್ಟೇಶನ್ ರೋಡಿಗೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ ತಿನ್ನಿಸಿದ.

"ಜ್ವರ ಬಂದಿತ್ತು ಅನಸ್ತದ ನಂಗ ಆ ವಾರ," ಅಂದ.

"ಹೌದು ಅಣ್ಣಾ, ಮುಖಾನೇ ಹೇಳ್ತಿತ್ತು."

ಮನಸ್ಸು ಹಗುರ ಆಯಿತು.

ಸೆಪ್ಟೆಂಬರ್ 5

ಎಂಟು ರೌಂಡು. ಓಟ ಆರು ಕಿ.ಮೀ. ಒಂದೂ ಬೀಳಲಿಲ್ಲ. ಅಣ್ಣ ಖುಷಿ.

ಸೆಪ್ಟೆಂಬರ್ 23

ನಾನು ಕೀಮನ್. ಮುಂಜಾನೆ ಏಳಕ್ಕೆ ಸುತ್ತಿಗೆ ಹೆಗಲಿಗೆ ಹಾಕಿ ವಾಡಿಯಿಂದ ನಾಲವಾರದ ಕಡೆ ಹಳಿಗುಂಟ ನಡೆಯುವುದು, ಹಳಿ ಹಿಡಿದಿಟ್ಟ ಚಾವಿ ಎಲ್ಲಿ ಸಡಿಲ ಆಗಿದೆ ನೋಡಿ ಹೊಡೆದು ಕೂರಿಸುವುದು. ಒಂದು ಸಡಿಲ ಚಾವಿ ಕಂಡೂ ಬಿಟ್ಟು ಬಂದರೆ ನಿದ್ದೆ ಹತ್ತುವುದಿಲ್ಲ ನನಗೆ.

ಇವತ್ತು ಡ್ಯೂಟಿ ಮುಗಿಸಿ ಬಂದಾಗ ಅಣ್ಣ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಮುದುಕಿಯ ಟಿಕೆಟ್ ಹಿಡಿದು ನಿಂತಿದ್ದ. ಒಂದು ಕಣ್ಣು ಮುಚ್ಚಿ, ಟಿಕೆಟನ್ನು ದೂರ ಹಿಡಿದು ಓದುತ್ತಿದ್ದ. ಆಮೇಲೆ ಆಕೆಗೆ ಕೊಡಲು ಕೈ ಚಾಚಿದ. ಆಕೆಯ ಕೈ ಇದ್ದದ್ದು ಒಂದು ಕಡೆ, ಇವನು ಚಾಚಿದ್ದು ಇನ್ನೊಂದು ಕಡೆ.

"ಕಣ್ಣಿಗೇನಾತು ಅಣ್ಣಾ?"

"ಸಿಮೆಂಟ್ ಧೂಳು. ಈ ವಾಡಿಯೊಳಗ ಯಾರ್ ಕಣ್ಣು ನೆಟ್ಟಗವ?" ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಕೆಲವೊಮ್ಮೆ ಎರಡೆರಡು ಕಾಣ್ತದ. ಜರಾ ಹೊತ್ತು. ರಮಾಗ ಹೇಳಬ್ಯಾಡ."

ಅವನ ಹೆಂಡತಿಗೆ ಹೇಳುವುದಿಲ್ಲ ಅಂದೆ.

ಅಕ್ಟೋಬರ್ 6

ಭಾನುವಾರ. ರಮಾಬಾಯಿ ವೈನಿ ನನ್ನ ಕ್ವಾರ್ಟರ್ಸಿಗೆ ಬಂದಿದ್ದರು, ಒಬ್ಬರೇ. ಅಣ್ಣನ ಹೆಂಡತಿ ನನ್ನ ಮನೆಗೆ ಬಂದದ್ದು ಇದೇ ಮೊದಲು. ಶಹಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಮಾತು ನಿಧಾನ. ಜ್ವಾರಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು.

"ಕುಂದ್ರಿ ವೈನಿ, ಚಹಾ ಮಾಡ್ತೀನಿ."

"ಚಹಾ ಬ್ಯಾಡ ಕಲ್ಯಾಣಪ್ಪ. ಒಂದು ಮಾತು ಕೇಳಬೇಕಾಗಿತ್ತು ನಿನ್ನ." ಕುರ್ಚಿಯ ತುದಿಯಲ್ಲಿ ಕೂತರು. "ಮನಿಯೊಳಗ ಅವರು ಅಂಗಿ ಗುಂಡಿ ಹಾಕ್ಕೊಳ್ಳಾಗ ನಾ ನೋಡ್ಲಿಕತ್ತೀನಿ. ಬೆರಳು ಹುಡುಕ್ತಾವ. ಹೇಳಿದ ಮಾತೇ ಮತ್ತ ಹೇಳ್ತಾರ. ಕೇಳಿದ್ರ ಸಿಟ್ಟಿಗೇಳ್ತಾರ. ನಂಗ ಬಾಕ್ಸಿಂಗ್ ತಿಳಿಯಂಗಿಲ್ಲ. ದಿನಾ ಎದುರಿಗೆ ನಿಲ್ಲಾಂವ ನೀ. ಅವರು ಹ್ಯಾಂಗದಾರ ಅನ್ನೋದು ನಿನ್ನಷ್ಟು ಯಾರಿಗೂ ಗೊತ್ತಿಲ್ಲ. ನೀ ಬ್ಯಾಡ ಅಂದ್ರ ನಾ ನಿಲ್ಲಿಸ್ತೀನಿ. ಕಾಲು ಹಿಡಿದಾದ್ರೂ ನಿಲ್ಲಿಸ್ತೀನಿ. ಖರೇ ಹೇಳು."

ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಅಣ್ಣನ ಜೊತೆ ತೆಗೆಸಿಕೊಂಡ ಫೋಟೋ ಇತ್ತು. ಕೊರಳಲ್ಲಿ ಪದಕ ಅವನದು, ಬಾತ ಮೂಗು ನನ್ನದು.

"ಹುಲಿ ಇದ್ದಂಗ ಇದ್ದಾನ ವೈನಿ. ಒಂದೂವರಿ ತಿಂಗಳಾತು, ನನ್ನ ಒಂದೇ ಒಂದು ಏಟು ಬಿದ್ದಿಲ್ಲ ಅವಗ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. ನಕ್ಕರು. ಆಮೇಲೆ ಚಹಾ ಕುಡಿದೇ ಹೋದರು. ರೊಟ್ಟಿ ಇನ್ನೂ ಮೆತ್ತಗಿದ್ದವು. ನಾಲ್ಕು ತಿಂದೆ.

ಅಕ್ಟೋಬರ್ 21

ಆಡಲು ಯೋಗ್ಯ ಅಂತ ಡಾಕ್ಟರ ಸಹಿ ಬೇಕು. ಡಾ. ಪ್ರಮಿತಾ ಅವರ ಕ್ಲಿನಿಕ್ಕಿಗೆ ಅಣ್ಣನ ಜೊತೆ ಹೋದೆ. ಸೇಡಂನಲ್ಲಿ ನನಗೆ ಗಣಿತ ಹೇಳಿದ ವೆಂಕಟೇಶ ಮಾಸ್ತರ ಮಗಳು ಅವರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ನೆಲದ ಫರ್ಸಿಯ ಗೆರೆಯ ಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೆಯಲು ಹೇಳಿದರು. ಅಣ್ಣ ಐದನೇ ಹೆಜ್ಜೆಗೆ ಗೋಡೆ ಹಿಡಿದ.

"ಮಂಡಿ ನೋವು ಅದ ಡಾಕ್ಟ್ರೇ," ಅಂದ.

ಅವರು ನನ್ನ ಕಡೆ ತಿರುಗಿದರು. "ನೀವು ದಿನಾ ಜೊತಿಗಿರ್ತೀರಿ. ಮರೆವು ಅದ ಏನ್ರಿ ಇವರಿಗೆ? ನಡೀವಾಗ ಜೋಲಿ? ಒಂದು ವಸ್ತು ಎರಡಾಗಿ ಕಾಣ್ತದ ಅಂತ ಯಾವಾಗರ ಹೇಳ್ಯಾರ?"

ಅಣ್ಣ ನನ್ನನ್ನು ನೋಡಲಿಲ್ಲ. ಶೂಸಿನ ಲಾಡಿ ಕಟ್ಟಿಕೊಳ್ಳುತ್ತಿದ್ದ.

"ಇಲ್ರಿ," ಅಂದೆ.

"ತಲಿಯ ಸ್ಕ್ಯಾನ್ ಆಗೂತನ ನಾ ಸಹಿ ಮಾಡಂಗಿಲ್ಲ," ಅಂದರು. ಹಣೆ ಗಂಟಾಗಿತ್ತು. "ನೋಡ್ರಿ ರಾಮಲಿಂಗ ಅವರೇ, ನಾ ಸಣ್ಣಾಕಿ ಇದ್ದಾಗ ನಿಮ್ಮ ಮೆರವಣಿಗಿಗೆ ಹೂ ಹಾಕ್ಲಿಕ್ಕೆ ಬಂದಾಕಿ. ನಿಮ್ಮ ಮ್ಯಾಲಿನ ಅಭಿಮಾನಕ್ಕೇ ಹೇಳ್ಲಿಕತ್ತೀನಿ."

ಹೊರಗೆ ಬಂದು ಅಣ್ಣ ಉಗುಳಿದ.

ಅಕ್ಟೋಬರ್ 25

ಬೇರೆ ಊರಿನ ಇನ್ನೊಬ್ಬ ಡಾಕ್ಟರು ತಲೆ ಎತ್ತದೆ ಸಹಿ ಮಾಡಿ ಕೊಟ್ಟರಂತೆ. ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ನವೆಂಬರ್ 14

ಈ ವಿದ್ಯೆ ಈಗ ಕೈಗೆ ಹತ್ತಿದೆ. ಹೊಡೆಯುವುದಕ್ಕಿಂತ ತಪ್ಪಿಸುವುದು ಕಠಿಣ. ಎದುರಿನವನು ಎತ್ತ ತಲೆ ಹಾಕುತ್ತಾನೆ, ಎಷ್ಟು ತಡ ಮಾಡುತ್ತಾನೆ, ಎಲ್ಲ ಮೊದಲೇ ಗೊತ್ತಿರಬೇಕು. ಅವನು ತಡ ಮಾಡಿದಷ್ಟೂ ನಾನೂ ತಡ ಮಾಡಬೇಕು. ಮೊದಲು ಎಡಗೈ ಒಂದೇ ಇಳಿಯುತ್ತಿತ್ತು. ಈಗ ಎಡಕ್ಕೆ ತಿರುಗುವಾಗ ಕಾಲೂ ಎಳೆಯುತ್ತದೆ. ಅದಕ್ಕೆ ಸರಿಯಾಗಿ ನಾನೂ ಕಾಲು ಎಳೆಯುತ್ತೇನೆ. ನೋಡುವವರಿಗೆ ಸಮಸಮ ಜೋಡಿ.

ಉಸ್ತಾದರು ಸದ್ದು ಕೇಳಿಯೇ ಲೆಕ್ಕ ಹಾಕುತ್ತಾರೆ. ಬೀಳುವ ಸದ್ದೆಲ್ಲ ಅಣ್ಣನದು. "ಮಾಶಾಲ್ಲಾ, ಹಳೇ ರಾಮಲಿಂಗ ಬಂದ," ಅಂತಾರೆ.

ಅಣ್ಣನ ಏಟು ಈಗ ಮೊದಲಿನಷ್ಟು ಹತ್ತುವುದಿಲ್ಲ. ಮೈಯಲ್ಲಿ ನೋವೇ ಇಲ್ಲ ನನಗೆ. ಕಸುವೂ ಇಳಿಯಿತು ಅಂತ ಕಾಣುತ್ತದೆ. ಬರೆಯಬಾರದಿತ್ತು ಇದನ್ನು.

ಮುಗಿದ ಮೇಲೆ ಉಸ್ತಾದರು ಒಂದು ವಿಚಿತ್ರ ಮಾತು ಕೇಳಿದರು. "ಕಲ್ಯಾಣ್, ನೀ ಯಾಕ ಒಮ್ಮೆಯೂ ಹೆಸರು ಕೊಡಲಿಲ್ಲೋ? ನಿಂದೂ ಅದೇ ತೂಕ."

"ಅಣ್ಣ ಇರೂತನ ನಾ ಹ್ಯಾಂಗ್ರಿ?"

ಮೂವತ್ತನಾಲ್ಕು ನನಗೆ. ಆ ವಿಚಾರವೇ ಬಂದಿರಲಿಲ್ಲ.

ಡಿಸೆಂಬರ್ 7

ಕಲಬುರಗಿ. ಎರಡು ಪಂದ್ಯ ಆಯಿತು. ಮೊದಲನೆಯವನು ತೂಕದಲ್ಲಿ ಫೇಲಾಗಿ ಬರಲೇ ಇಲ್ಲ. ಎರಡನೆಯವನು ಅಣ್ಣನ ಹೆಸರಿಗೇ ಹೆದರಿ ಹಗ್ಗ ಬಿಟ್ಟು ಈಚೆ ಬರಲಿಲ್ಲ. ನಾಳೆ ಫೈನಲ್.

ಎದುರಾಳಿ ಬೆಳಗಾವಿ ಕಡೆಯ ಹುಡುಗ, ಸುಜಯ ಅಂತ. ಇಪ್ಪತ್ತೆರಡು ವರ್ಷ. ತೂಕ ಹಾಕುವ ಕೋಣೆಯಲ್ಲಿ ಬಂದು ಅಣ್ಣನ ಕಾಲಿಗೆ ಬಿದ್ದ. "ಸರ್, ನಿಮ್ಮ ವಿಡಿಯೋ ನೋಡೇ ಕಲ್ತಾಂವ ನಾ. ಒಂದು ಫೋಟೋ ಸರ್." ಅಣ್ಣ ಅವನ ಬೆನ್ನು ತಟ್ಟಿದ.

"ನಾಳೆ ಕೈ ತಡೆದು ಹೊಡೀಬ್ಯಾಡಪಾ, ಪೂರಾ ಆಡು," ಅಂದ. ದೊಡ್ಡ ಮನುಷ್ಯ.

ವೈನಿ ಬರುವುದಿಲ್ಲವಂತೆ. ಯಾವತ್ತೂ ಬಂದಿಲ್ಲ. ಮನೆಯಲ್ಲಿ ಬಾಬಾಸಾಹೇಬರ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ, ಫೋನ್ ಬರುವತನಕ ಒಂದು ಕಡೆ ಕೂತಿರುತ್ತಾರೆ.

ಡಿಸೆಂಬರ್ 8

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲ ರೌಂಡು ಪರವಾಗಿಲ್ಲ. ಹುಡುಗ ಹೆದರಿದ್ದ. ಜನ ಅಣ್ಣನ ಹೆಸರು ಕೂಗುತ್ತಿದ್ದರು, ಅದಕ್ಕೂ ಹೆದರಿದ್ದ. ಎರಡನೇ ರೌಂಡಿನ ನಡುವೆ ಅಣ್ಣನ ಎಡಗೈ ಇಳಿಯಿತು. ಹುಡುಗ ಒಂದು ಬಲಗೈ ಬಿಟ್ಟ. ಬಿತ್ತು. ಬಿದ್ದದ್ದಕ್ಕೆ ಅವನಿಗೇ ಆಶ್ಚರ್ಯ. ಇನ್ನೊಂದು ಬಿಟ್ಟ. ಅದೂ ಬಿತ್ತು. ಆಮೇಲೆ ಅವನಿಗೆ ದಾರಿ ಗೊತ್ತಾಯಿತು. ನಾಲ್ಕು ತಿಂಗಳು ನಾನು ಎರಡು ಬೆರಳು ಬಿಟ್ಟು ಹೊಡೆದ ಜಾಗ ಅದೇ. ಅಣ್ಣ ತಲೆ ಸರಿಸುತ್ತಲೇ ಇದ್ದ, ನನ್ನ ಎದುರು ಸರಿಸಿದ ಹಾಗೆಯೇ. ಸರಿಸಿದ ಮೇಲೂ ಬೀಳುವುದು ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಅದು ಅವನ ಮುಖದಲ್ಲಿ ಕಂಡಿತು. ನನಗೊಬ್ಬನಿಗೇ ಕಂಡಿತು.

ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತ. ನಾನು ನೀರು ಕುಡಿಸಿದೆ. ಅರ್ಧ ಹೊರಗೆ ಬಂತು.

"ಎಷ್ಟನೇ ರೌಂಡೋ ಇದು?"

"ಎರಡು ಮುಗೀತು ಅಣ್ಣಾ. ಇನ್ನೊಂದೇ."

"ಲೈಟ್ ಯಾಕ ತೆಗದ್ರು?"

ಲೈಟು ತೆಗೆದಿರಲಿಲ್ಲ. ಉಸ್ತಾದರು ನನ್ನ ತೋಳು ಹಿಡಿದರು. ಅವರ ಕೈಯಲ್ಲಿ ಟವೆಲ್ ಇತ್ತು, ಅದನ್ನು ರಿಂಗಿಗೆ ಎಸೆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. "ಕಲ್ಯಾಣ್, ನಂಗ ನೆರಳಷ್ಟೇ ಕಾಣ್ತದ. ನೀ ದಿನಾ ನೋಡೀದಿ. ತಡೀತಾನೇನು? ನೀ ಹೇಳು. ಎಸೀಲಾ?"

ಹತ್ತು ಸೆಕೆಂಡು ಇತ್ತು. ಎಸೆಯಿರಿ ಅನ್ನಬಹುದಿತ್ತು. ಹಾಗೆ ಅಂದರೆ ಈ ನಾಲ್ಕು ತಿಂಗಳು ಏನು ಮಾಡಿದೆ ಅಂತ ಹೇಳಬೇಕಾಗುತ್ತಿತ್ತು.

"ತಡೀತಾನ್ರಿ," ಅಂದೆ.

ಮೂರನೇ ರೌಂಡು, ಒಂದು ನಿಮಿಷ ನಲವತ್ತು ಸೆಕೆಂಡಿಗೆ ಅಣ್ಣ ಬಿದ್ದ. ಬಿದ್ದವನು ಮಂಡಿ ಊರಿ ಎದ್ದ, ಮುಷ್ಟಿ ಎತ್ತಿದ, ಮುಖ ಪ್ರೇಕ್ಷಕರ ಕಡೆ ಇತ್ತು. ಆಮೇಲೆ ಕಾಲು ಮಡಚಿಕೊಂಡವು.

ಡಿಸೆಂಬರ್ 9

ತಲೆಯೊಳಗೆ ರಕ್ತ. ಬುರುಡೆ ಕೊರೆದು ತೆಗೆದಿದ್ದಾರೆ. ಕಣ್ಣು ಬಿಟ್ಟಿಲ್ಲ.

ಡಿಸೆಂಬರ್ 10

ಬಿಟ್ಟಿಲ್ಲ.

ಡಿಸೆಂಬರ್ 13

ಬಿಟ್ಟ. ಯಾರನ್ನೂ ಗುರುತು ಹಿಡಿಯಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಸುಜಯ ನಿಂತಿದ್ದ. ಐದು ದಿನದಿಂದ ಊರಿಗೆ ಹೋಗಿಲ್ಲವಂತೆ. "ನಂಗ ಗೊತ್ತಿರ್ಲಿಲ್ರಿ ಸರ್," ಅಂತ ನನ್ನ ಕೈ ಹಿಡಿದು ಅತ್ತ. "ಅವರು ತಪ್ಪಿಸ್ಕೋತಾರ ಅಂತ ತಿಳಿದಿದ್ದೆ. ಒಂದಾದ್ರೂ ತಪ್ಪಿಸ್ಕೋತಾರ ಅಂತ."

ನಾನೂ ಅತ್ತೆ. ಅವನು ನನ್ನನ್ನೇ ಸಮಾಧಾನ ಮಾಡಿದ.

ಡಿಸೆಂಬರ್ 22

ವಾಡಿಯಲ್ಲಿ ಚಹಾ ಅಂಗಡಿಯಿಂದ ಹಿಡಿದು ಗ್ಯಾಂಗಿನವರ ತನಕ ಎಲ್ಲರ ಬಾಯಲ್ಲಿ ಒಂದೇ ಮಾತು. ಐದು ವರ್ಷದ ಹಿಂದೆಯೇ ಬಿಡಬೇಕಿತ್ತು. ದುರಾಸೆ. ಹೆಸರಿನ ಹುಚ್ಚು. ಪೇಪರಿನಲ್ಲಿ ಒಬ್ಬರು ಬರೆದಿದ್ದಾರೆ: 'ಯಾವಾಗ ಇಳಿಯಬೇಕು ಎಂಬುದನ್ನು ಈ ಮಹಾನ್ ಆಟಗಾರ ಅರಿಯಲಿಲ್ಲ.' ಲಕ್ಷ್ಮಿಕಾಂತ, ನಮ್ಮ ಮೇಸ್ತ್ರಿ, ಅದನ್ನು ಓದಿ ಹೇಳಿ ನನ್ನನ್ನು ಕೇಳಿದ.

"ನೀ ಏನಂತೀಯೋ? ಜಾಸ್ತಿ ದಿನ ಆಡಿದನೋ ಇಲ್ಲೋ?"

"ಡ್ಯೂಟಿಗೆ ಹೊತ್ತಾತು," ಅಂದೆ.

ಹಳಿಗುಂಟ ನಡೆಯುವಾಗ ಸಿಟ್ಟು ಬಂತು. ಅರಿಯಲಿಲ್ಲ ಅನ್ನುತ್ತಾರೆ. ಅವನಿಗೆ ಅರಿವಾಗುವ ಹಾದಿ ಒಂದೇ ಇತ್ತು, ಅದು ನನ್ನ ಕೈ. ಆಗಸ್ಟಿನಲ್ಲಿ ಅವನು ಶೆಡ್ಡಿಗೆ ಬಾರದೆ ಉಳಿದಿದ್ದನಲ್ಲ, ಆವಾಗ ಅವನಿಗೆ ಅರಿವಾಗುತ್ತಿತ್ತು. ಇನ್ನೊಂದು ವಾರ ನಾನು ನೆಟ್ಟಗೆ ಹೊಡೆದಿದ್ದರೆ ಸಾಕಿತ್ತು.

ನಾಲವಾರದ ಹತ್ತಿರ ಒಂದು ಚಾವಿಗೆ ಎಷ್ಟು ಹೊತ್ತು ಹೊಡೆದೆನೋ ಗೊತ್ತಿಲ್ಲ. ಜೊತೆಗಿದ್ದ ಗ್ಯಾಂಗಿನವನು ಸುತ್ತಿಗೆ ಕಸಿದುಕೊಂಡ.

ಜನವರಿ 19, 2025

ಅಣ್ಣನನ್ನು ಮನೆಗೆ ತಂದು ಒಂದು ವಾರ. ಬಲಭಾಗದಲ್ಲಿ ಕಸುವಿಲ್ಲ. ಮಾತು ಒಂದೊಂದೇ. ಕೆಲವೊಮ್ಮೆ ಬೇರೆಯದೇ ಶಬ್ದ ಬರುತ್ತದೆ. ನೀರು ಅನ್ನಲು ಗಂಟೆ ಅಂದ. ದಿನಾ ಮೂರಕ್ಕೆ ಡ್ಯೂಟಿ ಮುಗಿಸಿ ಶಹಾಬಾದಿಗೆ ಹೋಗುತ್ತೇನೆ. ವೈನಿ ಶಾಲೆಯಿಂದ ಬರುವತನಕ ಅವರ ತಾಯಿ ಅನಸುಬಾಯಿ ನೋಡಿಕೊಳ್ಳುತ್ತಾರೆ, ಆದರೆ ಎತ್ತುವುದು ಅವರಿಂದ ಆಗುವುದಿಲ್ಲ. ನಾನು ಎತ್ತಿ ಅಂಗಳದ ಬಿಸಿಲಿಗೆ ಕೂಡಿಸುತ್ತೇನೆ. ಮೈ ಒರೆಸುತ್ತೇನೆ. ಗಡ್ಡ ಮಾಡುತ್ತೇನೆ. ಕಾಲಿನ ವ್ಯಾಯಾಮ ಇಪ್ಪತ್ತು, ಕೈಯದು ಇಪ್ಪತ್ತು.

ವೈನಿ ಇವತ್ತು ತಟ್ಟೆ ಮುಂದಿಟ್ಟು ಹೇಳಿದರು. "ನೀ ಇಲ್ಲದಿದ್ರ ನಾ ಏನ್ ಮಾಡ್ತಿದ್ನೋ ಕಲ್ಯಾಣಪ್ಪ. ಸ್ವಂತ ತಮ್ಮನೂ ಇಷ್ಟು ಮಾಡಂಗಿಲ್ಲ."

ಉಣ್ಣಲು ಆಗಲಿಲ್ಲ.

ಫೆಬ್ರವರಿ 16

ಹೇಳಿದೆ.

ಅಣ್ಣ ಮಲಗಿದ್ದ. ವೈನಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಹೇಳಿದೆ. ಆಗಸ್ಟಿನಿಂದ ಶುರು ಮಾಡಿ, ಎರಡು ಬೆರಳು ತಪ್ಪಿಸಿ ಹೊಡೆದದ್ದು, ಎರಡೆರಡು ಕಾಣುತ್ತದೆ ಅಂತ ಅವನು ಹೇಳಿದ್ದು, ಡಾಕ್ಟರಿಗೆ ಇಲ್ಲ ಅಂದದ್ದು, ಟವೆಲಿನ ಮಾತು. ಎಲ್ಲ.

ವೈನಿಯ ಕೈ ಮೊರದ ಮೇಲೆ ನಿಂತಿತು.

"ನಾ ನಿಮ್ಮ ಮನಿಗೆ ಬಂದಿದ್ದೆ," ಅಂದರು. ನನಗೆ 'ನಿಮ್ಮ' ಅಂದದ್ದು ಇದೇ ಮೊದಲು. "ಉಸ್ತಾದರನ್ನ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನಿಮ್ಮನ್ನ ಕೇಳಿದೆ."

"ಹೌದ್ರಿ ವೈನಿ."

"ಯಾಕ?"

ಅವನಿಗೆ ನೋವಾಗಬಾರದು ಅಂತ, ಅಂದೆ. ಹೇಳುವಾಗಲೇ ಅದು ಸಾಲದು ಅನ್ನಿಸಿತು. ಅಣ್ಣ ಬಿಟ್ಟರೆ ನಾನು ಯಾರು? ಬರೀ ಕೀಮನ್. ಅವನು ಚಾಂಪಿಯನ್ ಇರುವತನಕ ನಾನು ಚಾಂಪಿಯನ್ನನ ಎದುರು ನಿಲ್ಲುವವನು. ಅದನ್ನೂ ಹೇಳಿದೆ.

ವೈನಿ ಎದ್ದರು. ಮೊರದ ಅಕ್ಕಿ ಚೆಲ್ಲಿತು. ಆರಿಸಲು ಬಗ್ಗಿದೆ.

"ಬಿಡ್ರಿ ಅದನ್ನ," ಅಂದರು. "ನಾಳಿಂದ ಬರಬ್ಯಾಡ್ರಿ."

ಫೆಬ್ರವರಿ 17

ಹೋಗಲಿಲ್ಲ. ವಾಡಿಯಿಂದ ನಾಲವಾರ. ವಾಪಸ್ಸು.

ಫೆಬ್ರವರಿ 24

ಉಸ್ತಾದರಿಗೂ ಹೇಳಿದೆ. ಜಗುಲಿಯ ಮೇಲೆ ಕೂತು ತಸ್ಬಿ ಮಣಿ ಎಣಿಸುತ್ತಿದ್ದರು. ಬೈಯಲಿಲ್ಲ.

"ಸಂಭಾಳಿಸು ಅಂದಾಂವ ನಾ," ಅಂದರು. "ಅಲ್ಲಾನ ಮುಂದ ನಾ ಹೇಳ್ಕೋತೀನಿ. ನೀ ನಿಂದು ಹೇಳ್ಕೋ."

ಶೆಡ್ಡಿಗೆ ಬೀಗ ಹಾಕಿದ್ದಾರೆ. ನನ್ನ ಗ್ಲೌಸು ಒಳಗೇ ಇವೆಯೋ, ಕಲಬುರಗಿಯಲ್ಲೇ ಉಳಿದವೋ ಗೊತ್ತಿಲ್ಲ. ಕೇಳಲಿಲ್ಲ.

ಮಾರ್ಚ್ 9

ಮಧ್ಯಾಹ್ನ ವೈನಿಯ ಫೋನ್ ಬಂತು. "ಅವರು ಕರೀಲಿಕತ್ತಾರ. ಮೂರು ದಿನ ಆತು, ನಿಮ್ಮ ಹೆಸರೇ ಹೇಳ್ತಾರ." ಅಷ್ಟೇ. ಫೋನ್ ಇಟ್ಟರು.

ಹೋದೆ. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಗಡ್ಡ ಬೆಳೆದಿತ್ತು. ವೈನಿ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ.

"ಎಲ್ಲಿ... ಹೋಗಿದ್ದಿ?"

"ಡ್ಯೂಟಿ ಅಣ್ಣಾ."

ಸುಳ್ಳು. ಮತ್ತೆ ಎಷ್ಟು ಸಲೀಸಾಗಿ ಬಂತು.

ಅಣ್ಣ ನನ್ನ ಬಲಗೈ ತೆಗೆದುಕೊಂಡು ತನ್ನ ಎಡಗೈಯಲ್ಲಿ ಇಟ್ಟುಕೊಂಡ. ಬೆರಳು ಒಂದೊಂದೇ ಮುಟ್ಟಿ ನೋಡಿದ. ಮಾತು ಬರಲು ಹೊತ್ತು ಹಿಡಿಯಿತು.

"ಮಳಿಗಾಲದಾಗ... ನಿನ್ನ ಕೈ ಹೋದ್ವು. ಒಂದೂ ಬೀಳ್ತಿರ್ಲಿಲ್ಲ. ವಯಸ್ಸಾತು ಇವಗ... ಅಂದ್ಕೊಂಡೆ. ಹೇಳಿದ್ರ ಮನಸಿಗೆ ಹಚ್ಕೋತಿ... ಅಂತ... ಮೆತ್ತಗ ಹೊಡೀತಿದ್ದೆ ನಿನಗ."

ಆ ನಾಲ್ಕು ತಿಂಗಳು ಮೈಯಲ್ಲಿ ನೋವೇ ಇರಲಿಲ್ಲ. ಕಸುವು ಇಳಿಯಿತು ಅಂತ ನಾನು ಬರೆದಿದ್ದೆ. ನನ್ನನ್ನು ಉಳಿಸಲು ಅವನು ಕೈ ತಡೆದು ಹೊಡೆಯುತ್ತಿದ್ದ.

"ಖರೇ ಹೇಳು," ಅಂದ. "ಆವಾಗ ನಾ... ಚಲೋ ಇದ್ನೇನು?"

ವೈನಿಯ ಕಡೆ ನೋಡಲಿಲ್ಲ.

"ಇಲ್ಲ ಅಣ್ಣಾ. ನಿನ್ನ ಎಡಗೈ ಇಳೀತಿತ್ತು. ಕಾಲು ಎಳೀತಿದ್ದಿ. ನಾ ಬೇಕಂತಲೇ ತಪ್ಪಿಸಿ ಹೊಡೀತಿದ್ದೆ. ಮನಸು ಮಾಡಿದ್ರ ದಿನಾ ಬೀಳಸ್ತಿದ್ದೆ ನಿನ್ನ."

ಅಣ್ಣ ನನ್ನ ಕೈ ಬಿಟ್ಟ. ಹೊರಗೆ ಯಾರೋ ಟ್ರ್ಯಾಕ್ಟರಿನಲ್ಲಿ ಕಲ್ಲು ಇಳಿಸುತ್ತಿದ್ದರು. ಒಂದೊಂದು ಚಪ್ಪಡಿ ಬೀಳುವ ಸದ್ದು ಕೇಳುತ್ತಾ ಕೂತಿದ್ದ. ಕೆನ್ನೆ ಅದುರುತ್ತಿತ್ತು, ಅದು ಅಳುವೋ ಕಾಯಿಲೆಯೋ ತಿಳಿಯಲಿಲ್ಲ.

"ರಮಾಗ... ಹೇಳೀಯೇನು?"

"ಹೇಳೀನಿ."

"ಏನಂದ್ಳು?"

"ಬರಬ್ಯಾಡ ಅಂದ್ರು."

"ನಾನೂ... ಹಂಗೇ ಅಂದ್ರ?"

"ಬರಂಗಿಲ್ಲ ಅಣ್ಣಾ."

ನಾನು ಏಳಲು ಹೋದೆ. ಆವಾಗ ಮುಖ ಆ ಕಡೆ ಮಾಡಿಯೇ ಎಡಗೈ ಎತ್ತಿದ.

"ಪಾಯಖಾನಿಗೆ... ಹೋಗಬೇಕು. ಅರ್ಧ ತಾಸಾತು. ಎತ್ತು."

ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ಎಪ್ಪತ್ತೈದು ಕೆಜಿ ಇದ್ದವನು ಈಗ ಅರವತ್ತೂ ಇಲ್ಲ, ಆದರೂ ಭಾರ ಪೂರ್ತಿ ನನ್ನ ಮೇಲೆ. ನಡೆಯುವಾಗ ಅವನ ಗಡ್ಡ ನನ್ನ ಕೊರಳಿಗೆ ಚುಚ್ಚುತ್ತಿತ್ತು. ಬಾಗಿಲ ಹತ್ತಿರ ವೈನಿ ಇದ್ದರು. ಒಂದು ಗಳಿಗೆ ಅಲ್ಲೇ ನಿಂತರು. ಆಮೇಲೆ ಬದಿಗೆ ಸರಿದು ದಾರಿ ಬಿಟ್ಟರು.

ವಾಪಸ್ಸು ತಂದು ಮಲಗಿಸಿದೆ. ಗಡ್ಡ ಮಾಡಿದೆ. ಬ್ಲೇಡು ಕೊರಳಿನ ಹತ್ತಿರ ಬಂದಾಗಲೂ ಅವನು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ.

ನಾಳೆ ಬರಲೇ ಅಂತ ನಾನು ಕೇಳಲಿಲ್ಲ. ಬರ್ರಿ ಅಂತ ವೈನಿಯೂ ಅನ್ನಲಿಲ್ಲ. ಮೂರಕ್ಕೆ ಡ್ಯೂಟಿ ಮುಗಿಯುತ್ತದೆ. ನಾಲ್ಕಕ್ಕೆ ಹೋಗುತ್ತೇನೆ.